ರೈಲು ಹೋದ ದಾರಿ

ಅಮೆರಿಕದ ರಾಕಿ ಪರ್ವತಸಾಲು ವಯೋಮಿಂಗ್ ರಾಜ್ಯದ ದಕ್ಷಿಣದಲ್ಲಿ ತಗ್ಗಿ, ಹರಡಿ, ಬಹುಮಟ್ಟಿಗೆ ಬಯಲಾಗಿಬಿಡುತ್ತದೆ. ಎಲ್ಲಿ ನೋಡಿದರೂ ಸೇಜ್ ಪೊದೆ, ಬೀಸುಗಾಳಿ, ದೂರದಲ್ಲಿ ಮೇಯುವ, ಜಿಂಕೆಯಂಥ ಪ್ರಾಂಗ್‌ಹಾರ್ನ್‌ಗಳು. ಇಲ್ಲಿನ ಗ್ರೇಟ್ ಡಿವೈಡ್ ಬೇಸಿನ್ ಎಂಬ ತಗ್ಗಿನಲ್ಲಿ ಬಿದ್ದ ಮಳೆ ಯಾವ ಸಮುದ್ರವನ್ನೂ ಸೇರದೆ ಅಲ್ಲೇ ಆರಿಹೋಗುತ್ತದೆ. ಈ ಬಯಲನ್ನು ಹಾಯುವ ಹೆದ್ದಾರಿ ಇಂಟರ್‌ಸ್ಟೇಟ್ 80. ಅಡುಗೆಮನೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲವನ್ನೂ ಹೊತ್ತು ಓಡುವ ಆರ್‌ವಿ ಹಳೆಯದಾಗಿದ್ದು, ಎಂಟು ಹತ್ತು ಟನ್ ತೂಗುತ್ತಿದ್ದರೆ, ದಕ್ಷಿಣಕ್ಕಿರುವ ಕೊಲೊರಾಡೊ ರಾಜ್ಯದ ಡೆನ್ವರ್‌ನಿಂದ ಪಶ್ಚಿಮಕ್ಕೆ ಹೋಗಲು ಇದೇ ತಕ್ಕ ದಾರಿ ಎಂಬುದು ನನ್ನ ವಾದ.

ಮೊದಲ ಸಾಕ್ಷಿ ರೈಲಿನದು. 1860ರ ದಶಕದಲ್ಲಿ ಯೂನಿಯನ್ ಪೆಸಿಫಿಕ್ ಕಂಪನಿ ಹಳಿ ಹಾಕುವಾಗ ಡೆನ್ವರ್ ಆಗಲೇ ಹೆಸರಾದ ಊರು. ಆದರೂ ಅದನ್ನು ಬಿಟ್ಟು ವಯೋಮಿಂಗ್ ಹಿಡಿದರು. ಮೈಲಿಗೆ 116 ಅಡಿಗಿಂತ ಕಡಿದಾದ ಏರು ಕೂಡದೆಂಬ ಕಟ್ಟಳೆಯಿತ್ತು. ಡೆನ್ವರ್‌ನ ಪಶ್ಚಿಮದ ಬೆಟ್ಟಗಳು ಅದಕ್ಕೆ ಒಗ್ಗಲಿಲ್ಲ. ಅಲ್ಲಿಂದ ನೇರ ಪಶ್ಚಿಮಕ್ಕೆ ಸುರಂಗ ಕೊರೆದು ರೈಲು ಬಿಟ್ಟದ್ದು 1928ರಲ್ಲಿ, ಮೊಫಟ್ ಸುರಂಗದ ಮೂಲಕ. ಭಾರ ಎಳೆಯುವವರು ಬೆಟ್ಟವನ್ನು ನೋಡುವುದೇ ಹೀಗೆ. ಇಂಟರ್‌ಸ್ಟೇಟ್ 80 ಬಹುಪಾಲು ಆ ಹಳಿಯ ಜಾಡಿನಲ್ಲೇ ಸಾಗುತ್ತದೆ. ಶಯಾನ್ ಮತ್ತು ಲಾರಮಿ ಊರುಗಳ ನಡುವಿನ 8,640 ಅಡಿಯೇ ಅದರ ನೆತ್ತಿ. ಡೆನ್ವರ್‌ನಿಂದ ನೇರ ಹೋಗುವ ಇಂಟರ್‌ಸ್ಟೇಟ್ 70 ಐಸೆನ್‌ಹೋವರ್ ಸುರಂಗದಲ್ಲಿ 11,158 ಅಡಿಗೇರುತ್ತದೆ. ಟರ್ಬೊ ಇಲ್ಲದ ಎಂಜಿನ್ ಸಾವಿರ ಅಡಿಗೆ ಶೇಕಡಾ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೂರನೆಯ ಒಂದು ಪಾಲು ಹೋಗಿರುತ್ತದೆ. ಹೋಗಲಿ, ಏರಿನಲ್ಲಿ ಬಸವಳಿದ ಗಾಡಿ ಹೆಚ್ಚೆಂದರೆ ನಿಲ್ಲುತ್ತದೆ. ಅಪಾಯ ಇರುವುದು ಇಳಿಜಾರಿನಲ್ಲಿ. ಸುರಂಗ ದಾಟಿದ ಮೇಲೆ ನೂರಕ್ಕೆ ಏಳರಂತೆ ಎರಡು ಸಾವಿರ ಅಡಿಗೂ ಹೆಚ್ಚು ಇಳಿಯಬೇಕು. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ, ಕಾವಿಗೆ ಬೇಗ ಕುದಿಯುತ್ತದೆ. ಆವಿಯಾದರೆ ಪೆಡಲ್ ತುಳಿದರೂ ಹಿಡಿತ ಸಿಗದು. ಬ್ರೇಕ್ ತಪ್ಪಿದ ಲಾರಿಗಳು ನುಗ್ಗಿ ನಿಲ್ಲಲೆಂದೇ ಅಲ್ಲಿ ಜಲ್ಲಿಯ ಪಕ್ಕದಾರಿಗಳನ್ನು ಮಾಡಿಟ್ಟಿದ್ದಾರೆ. ಅಷ್ಟು ಇಳಿದ ಮೇಲೂ 10,600 ಅಡಿಯ ವೇಲ್ ಪಾಸ್ ಎದುರಿಗೆ ನಿಂತಿರುತ್ತದೆ.

ದಿನವೂ ಸಾವಿರಾರು ಲಾರಿಗಳು ಅಲ್ಲೇ ಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುತ್ತವೆ, ಆದರೆ ಅವುಗಳ ಡೀಸೆಲ್ ಎಂಜಿನ್‌ಗೆ ವೇಗ ತಡೆಯುವ ಎಂಜಿನ್ ಬ್ರೇಕ್ ಇರುತ್ತದೆ, ಹಳೆಯ ಪೆಟ್ರೋಲ್ ಆರ್‌ವಿಗೆ ಕೆಳಗಿನ ಗೇರೊಂದೇ ಗತಿ. ವಯೋಮಿಂಗ್ ದಾರಿ ಬೋಳು ಎನ್ನುವವರ ಮಾತನ್ನು ಒಪ್ಪುತ್ತೇನೆ. ಆದರೆ ಬ್ರೇಕಿನ ಮೇಲೆ ಕಾಲಿಟ್ಟು ಇಳಿಯುವವರಿಗೆ ಕೊಲೊರಾಡೊದ ಸೊಬಗು ಎಷ್ಟು ಕಂಡೀತೋ! ತೂಕವುಳ್ಳ ಆಕ್ಷೇಪಣೆ ಗಾಳಿಯದು. ಎತ್ತರದ ಗಾಡಿಗಳನ್ನು ಉರುಳಿಸುವಂಥ ಗಾಳಿ ವಯೋಮಿಂಗ್‌ನಲ್ಲಿ ಬೀಸುತ್ತದೆ, ಚಳಿಗಾಲದಲ್ಲಿ ಕೆಲವೊಮ್ಮೆ ರಸ್ತೆಯನ್ನೇ ಮುಚ್ಚುತ್ತಾರೆ. ಆದರೆ ಗಾಳಿ ಒಂದು ದಿನ ಕಾದರೆ ತಗ್ಗುತ್ತದೆ, ಇಳಿಜಾರು ತಗ್ಗುವುದಿಲ್ಲ. ಈ ದಾರಿಯಲ್ಲೂ ವಯೋಮಿಂಗ್ ದಾಟಿದ ಮೇಲೆ ಸಾಲ್ಟ್ ಲೇಕ್ ಸಿಟಿಗೆ ಮುನ್ನ ಪಾರ್ಲೀಸ್ ಕಣಿವೆಯ ಕಡಿದಾದ ಇಳಿತವಿದೆ. ಅದು ಬೇಡವಾದರೆ ಎಕೊ ಎಂಬಲ್ಲಿ ಇಂಟರ್‌ಸ್ಟೇಟ್ 84ಕ್ಕೆ ಹೊರಳಿ, ವೀಬರ್ ನದಿಯ ಜೊತೆಗೇ ಆಗ್ಡನ್‌ಗೆ ಇಳಿಯಬಹುದು. ರೈಲೂ ಇಳಿದದ್ದು ಅಲ್ಲೇ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗಿ ಇಂಥ ಗಾಡಿ ಹತ್ತುವವರು ನಿಮ್ಮಲ್ಲೂ ಇರಬಹುದು. ಹೊರಡುವ ಬೆಳಿಗ್ಗೆ ವಯೋಮಿಂಗ್‌ನ ರಸ್ತೆ ಮಾಹಿತಿ ಪಡೆದು, ಗಾಳಿ ಹೇಗಿದೆಯೆಂದು ತಿಳಿದುಕೊಂಡೇ ಹೊರಡಿ.