ಸಂಧಾನಕ್ಕೆ ಕೂತ ದಂಡನಾಯಕರು

ಎಡ್ವರ್ಡ್ ರೌನಿಯವರ ಇಡೀ ಚರಿತ್ರೆ ಹೇಳಲು ನಾನು ಬಂದಿಲ್ಲ. ಅಮೆರಿಕದ ಸೇನೆಯ ಲೆಫ್ಟಿನೆಂಟ್ ಜನರಲ್. ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಕಂಡವರು. 1973ರಿಂದ ಸೋವಿಯತ್ ರಷ್ಯಾದೊಡನೆ ನಡೆದ ಅಣ್ವಸ್ತ್ರ ಮಾತುಕತೆಯಲ್ಲಿ ಸೇನೆಯ ಪ್ರತಿನಿಧಿ. ಅಷ್ಟು ಸಾಕು. ನನಗೆ ಬೇಕಿರುವುದು 308ರ ಜಗಳ.

1979ರ ಜೂನ್‌ನಲ್ಲಿ ಕಾರ್ಟರ್, ಬ್ರೆಜ್ನೆವ್ ಸಹಿ ಹಾಕಿದ ಸಾಲ್ಟ್-2 ಒಪ್ಪಂದ ರಷ್ಯಾಕ್ಕೆ 308 ಭಾರೀ ಕ್ಷಿಪಣಿಗಳನ್ನು ಉಳಿಸಿಕೊಟ್ಟಿತು. ಒಂದೊಂದಕ್ಕೂ ಹತ್ತರವರೆಗೆ ಸಿಡಿತಲೆ. ಅಮೆರಿಕದ ಬಳಿ ಅಂಥದ್ದು ಒಂದೂ ಇಲ್ಲ. ರೌನಿ ಒಪ್ಪಲಿಲ್ಲ. ರಾಜೀನಾಮೆ ಕೊಟ್ಟು, ಸೆನೆಟ್ ಎದುರೇ ಒಪ್ಪಂದವನ್ನು ವಿರೋಧಿಸಿದರು.

ಸಿಪಾಯಿಗೆ ಸಂಧಾನ ಯಾಕೆ ಅನ್ನುವವರ ಮೇಲೆ ನನ್ನ ತಕರಾರಿದೆ. ಹರಿಹರದ ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಹರಿಹರೇಶ್ವರನ ಗುಡಿಗೆ ಕರೆದೊಯ್ದರೆ ಮೂರ್ತಿಗಿಂತ ಮೊದಲು ಶಾಸನದ ಮುಂದೆ ನಿಲ್ಲಿಸುತ್ತಿದ್ದರು. "ಶಿವನನ್ನೂ ವಿಷ್ಣುವನ್ನೂ ಒಂದೇ ಮೈಯಲ್ಲಿ ನಿಲ್ಲಿಸಿ ಗುಡಿ ಕಟ್ಟಿಸಿದ್ದು ಯಾರು? ದಂಡನಾಯಕ ಕಣ್ರೋ, ಪೋಲಾಳ್ವ!" ಹೊಯ್ಸಳರ ಕಾಲ, 1224. ಜಗಳದ ಬೆಲೆ ದಂಡಿನವನಿಗೇ ಗೊತ್ತು ಅನ್ನುವುದು ಅವರ ವಾದ. ಅದರಲ್ಲಿ ಇತಿಹಾಸಕ್ಕಿಂತ ಊರಿನ ಅಭಿಮಾನವೇ ಹೆಚ್ಚಿತ್ತು, ಇರಲಿ.

ಮಡಿಕೇರಿಯ ನಮ್ಮ ಜನರಲ್ ತಿಮ್ಮಯ್ಯ ಅದೇ ಕೊರಿಯಾದಲ್ಲಿ 1953ರಲ್ಲಿ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ, ಊರಿಗೆ ಮರಳಲು ಒಲ್ಲದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹಣೆಬರಹ ನೋಡಿಕೊಂಡರು. ಅತ್ತ ಕಮ್ಯುನಿಸ್ಟರು, ಇತ್ತ ದಕ್ಷಿಣ ಕೊರಿಯಾದ ಸಿಂಗ್‌ಮನ್ ರೀ, ಇಬ್ಬರಿಂದಲೂ ಬೈಸಿಕೊಂಡರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜತೆ ಮುನಿಸಾಗಿ ರಾಜೀನಾಮೆ ಕೊಟ್ಟವರು, ನೆಹರೂ ಮಾತಿಗೆ ಕಟ್ಟುಬಿದ್ದು ಹಿಂದಕ್ಕೆ ಪಡೆದರು. ಒಬ್ಬ ಜನರಲ್ ಎದ್ದು ಹೋದರು, ಇನ್ನೊಬ್ಬರು ಉಳಿದರು. ಇವರಿಬ್ಬರನ್ನು ಪಕ್ಕಪಕ್ಕ ಇಟ್ಟು ನೋಡುವ ಹುಚ್ಚು ನನಗೆ ಹತ್ತಿದ್ದು ಹಾಗೆ.

1982ರಲ್ಲಿ ರೇಗನ್ ರೌನಿಯವರನ್ನೇ ಅಣ್ವಸ್ತ್ರ ಕಡಿತದ ಸ್ಟಾರ್ಟ್ ಮಾತುಕತೆಯ ಮುಖ್ಯಸ್ಥರನ್ನಾಗಿ ಕಳಿಸಿದರು. 1985ರ ಹೊತ್ತಿಗೆ ಆ ಕುರ್ಚಿ ಬೇರೆಯವರದಾಯಿತು. 1991ರ ಸ್ಟಾರ್ಟ್ ಒಪ್ಪಂದದಲ್ಲಿ 308 ಇದ್ದದ್ದು 154ಕ್ಕೆ ಇಳಿಯಿತು, ಸರಿಯಾಗಿ ಅರ್ಧ! ರೌನಿ ಗೆದ್ದರು ಅಂತ ಎದೆ ತಟ್ಟಿ ಹೇಳುತ್ತಿದ್ದೆ. ಆದರೆ ಅವರು ವಿರೋಧಿಸಿದ ಸಾಲ್ಟ್-2 ಅಂಗೀಕಾರವೇ ಆಗದಿದ್ದರೂ ಅದರ ಮಿತಿಗಳನ್ನು ಅಮೆರಿಕ 1986ರವರೆಗೆ ಹೆಚ್ಚುಕಡಿಮೆ ಪಾಲಿಸಿತಲ್ಲ?

ರೌನಿ ಎದ್ದು ಹೋಗದಿದ್ದರೆ 154 ಬರುತ್ತಿತ್ತೇ? ಬರುತ್ತಿರಲಿಲ್ಲ ಅನ್ನುತ್ತೇನೆ. ತಿಮ್ಮಯ್ಯ ಎದ್ದು ಹೋಗಿದ್ದರೆ 1962ರ ಚೀನಾ ಯುದ್ಧ ಬೇರೆಯಾಗುತ್ತಿತ್ತೇ? ಅದಕ್ಕೆ ಮಾತ್ರ, ಉಳಿದದ್ದೇ ಸರಿ ಅನ್ನುತ್ತೇನೆ. ಎರಡನ್ನೂ ಒಂದೇ ಬಾಯಲ್ಲಿ ಹೇಗೆ ಹೇಳಲಿ? ನಮ್ಮವರು ಅಂತ ತಿಮ್ಮಯ್ಯನವರ ಪರ ವಾಲುತ್ತಿದ್ದೇನೆಯೇ?