ಪೆಟ್ಟಿಗೆಯೊಳಗಿನ ಸಾಕ್ಷಿ

ಮಳೆಗಾಲ ಹಿಡಿಯಿತೆಂದರೆ ನಮ್ಮ ಕರಾವಳಿಯ ಅಡಿಗೆಮನೆಗಳಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ. ಯಾರೂ ಅದರೊಳಗೆ ನೀರು ಹೊಯ್ದಿರುವುದಿಲ್ಲ. ಆದರೂ ಜೂನ್ ತಿಂಗಳು ಕಳೆಯುವಷ್ಟರಲ್ಲಿ ತಳದಲ್ಲಿ ತಿಳಿನೀರು ನಿಂತಿರುತ್ತದೆ. ಗಾಳಿಯ ತೇವ ನೂರಕ್ಕೆ 75ರ ಮೇಲೆ ಹೋಯಿತೆಂದರೆ ಉಪ್ಪು ತಾನಾಗಿಯೇ ಗಾಳಿಯಿಂದ ನೀರೆಳೆದುಕೊಂಡು ಕರಗುತ್ತದೆ. ಅದು ಅದರ ಸ್ವಭಾವ. ಅಂಕೋಲೆಯ ಕೇಣಿಯಲ್ಲಾಗಲಿ, ಕಾರವಾರದ ಬೈತಖೋಲದಲ್ಲಾಗಲಿ ಆಷಾಢದ ಗಾಳಿ ಆ ಮಟ್ಟದಿಂದ ಕೆಳಗಿಳಿಯುವುದು ಅಪರೂಪ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು.

ಈ ಭರಣಿಯ ಮಾತನ್ನು ಏಕೆ ತೆಗೆದೆನೆಂದರೆ, ನಾವು ಕಿಸೆಯಲ್ಲಿಟ್ಟು ತಿರುಗುವ ಮೊಬೈಲ್ ಫೋನಿನೊಳಗೆ ತೇವವನ್ನು ಕಾಯುತ್ತ ಕುಳಿತ ಪುಟ್ಟ ವಸ್ತುವೊಂದಿದೆ. ಉದ್ದಿನಕಾಳಿನಷ್ಟು ಚೂರು ಕಾಗದ, ಬಿಳಿಯ ಬಣ್ಣದ್ದು. ಸಿಮ್ ಕಾರ್ಡ್ ತೂರಿಸುವ ಸಂದಿನಲ್ಲಿಯೋ, ಬ್ಯಾಟರಿಯ ಮಗ್ಗುಲಲ್ಲಿಯೋ ಅದನ್ನು ಅಂಟಿಸಿರುತ್ತಾರೆ. ಅದರ ಒಳಪದರಿನಲ್ಲಿ ನೀರಿಗೆ ಕರಗುವ ಕೆಂಪು ಬಣ್ಣವಿದೆ. ನೀರು ತಗಲಿದರೆ ಬಣ್ಣ ಕರಗಿ, ದೀಪದ ಬತ್ತಿಗೆ ಎಣ್ಣೆ ಏರುವಂತೆ, ಕಾಗದದ ಮೇಲ್ಮೈಗೆ ಬರುತ್ತದೆ. ಒಮ್ಮೆ ಕೆಂಪಾದದ್ದು ಮತ್ತೆ ಬಿಳಿಯಾಗದು. ಫೋನು ಕೆಟ್ಟು ನೀವು ದುರಸ್ತಿಗೆ ಒಯ್ದಾಗ ಅಲ್ಲಿನವರು ಮೊದಲು ನೋಡುವುದು ಈ ಚೂರನ್ನೇ. ಬಿಳಿ ಇದ್ದರೆ ವಾರಂಟಿ ಉಂಟು, ಕೆಂಪಿದ್ದರೆ ಇಲ್ಲ.

ಹಿಂದೆ ರೇಡಿಯೋ, ಗಡಿಯಾರಗಳ ಸ್ಕ್ರೂವಿನ ಮೇಲೆ ಬಣ್ಣದ ಚುಕ್ಕೆ ಇಡುತ್ತಿದ್ದರಷ್ಟೆ. ಚುಕ್ಕೆ ಒಡೆದಿದ್ದರೆ ಯಾರೋ ಬಿಚ್ಚಿದ್ದಾರೆಂದು ಅರ್ಥ. ಅದು ಹೊರಗೆ ಕಾಣುವ ಗುರುತು. ಕೊಂಡವನಿಗೂ ಮಾರಿದವನಿಗೂ ಸಮಾನವಾಗಿ ಕಾಣುತ್ತಿತ್ತು. ಈಗಿನ ಗುರುತುಗಳು ಒಳಕ್ಕೆ ಸರಿದಿವೆ. ಬ್ಯಾಟರಿಯನ್ನು ಎಷ್ಟು ಸಲ ತುಂಬಿಸಿದಿರಿ ಎಂಬುದನ್ನು ಫೋನು ಎಣಿಸಿ ಇಟ್ಟುಕೊಳ್ಳುತ್ತದೆ. ಅಪಘಾತಕ್ಕೆ ಮುಂಚಿನ ಕೆಲವು ಕ್ಷಣಗಳಲ್ಲಿ ಎಷ್ಟು ವೇಗವಿತ್ತು, ಬ್ರೇಕ್ ಒತ್ತಿದರೇ ಇಲ್ಲವೇ ಎಂಬುದನ್ನು ಅನೇಕ ಕಾರುಗಳು ಬರೆದಿಡುತ್ತವೆ. ಗಿರಾಕಿ ಮಾಡಿದ ದುರ್ಬಳಕೆಯನ್ನು ಪತ್ತೆ ಹಚ್ಚುವುದಕ್ಕೆಂದೇ ಆಪಲ್ ಕಂಪನಿ ಸಲ್ಲಿಸಿದ್ದ ಒಂದು ಪೇಟೆಂಟ್ ಅರ್ಜಿ 2009ರಲ್ಲಿ ಬೆಳಕಿಗೆ ಬಂತು. ನೀರು, ಅತಿಯಾದ ಬಿಸಿ, ಬಿದ್ದ ಪೆಟ್ಟು, ಬಿಚ್ಚಿದ ಗುರುತು ಇವನ್ನೆಲ್ಲ ಅರಿಯುವ ಸಾಧನಗಳನ್ನು ಒಳಗಿರಿಸಿ, ನಡೆದದ್ದನ್ನು ನೆನಪಿನಲ್ಲಿ ಬರೆದಿಡುವ ಯೋಜನೆ ಅದರಲ್ಲಿತ್ತು.

ತಯಾರಕರ ಮಾತನ್ನೂ ಕೇಳಬೇಕು. ಬಾವಿಗೆ ಬಿದ್ದ ಫೋನನ್ನು ಎತ್ತಿ, ಒರೆಸಿ, ಅಕ್ಕಿಯ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟು, ಆಮೇಲೆ "ಸುಮ್ಮನೆ ಇಟ್ಟಲ್ಲೇ ನಿಂತುಹೋಯಿತು" ಎಂದು ಕೌಂಟರಿನ ಮುಂದೆ ಮುಗ್ಧರಾಗಿ ನಿಲ್ಲುವವರು ನಮ್ಮಲ್ಲಿ ಇಲ್ಲವೆನ್ನುವಂತಿಲ್ಲ. ಅಂಥವರಿಗೆಲ್ಲ ಹೊಸ ಫೋನು ಕೊಡುತ್ತ ಹೋದರೆ ಆ ವೆಚ್ಚ ಮುಂದಿನ ಫೋನಿನ ಬೆಲೆಗೆ ಸೇರುತ್ತದೆ. ಜೋಪಾನವಾಗಿ ಬಳಸುವವನೇ ಅದನ್ನು ತೆರಬೇಕಾಗುತ್ತದೆ. ಆದುದರಿಂದ ಪತ್ತೆ ಹಚ್ಚುವುದೇ ಅನ್ಯಾಯವೆಂದು ನಾನು ಹೇಳಲಾರೆ. ಆ ಕೆಂಪು ಚೂರು ನಿಜವಾಗಿ ಏನನ್ನು ಹೇಳಬಲ್ಲದು ಎಂಬುದನ್ನು ಮಾತ್ರ ವಿಚಾರಿಸಬೇಕು.

ಕೇಣಿಯ ಒಬ್ಬ ಮೀನುಗಾರ ತರುಣನನ್ನು ಊಹಿಸಿಕೊಳ್ಳಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳಿಗೆ ನಿಷೇಧ. ಆಗಸ್ಟಿನಲ್ಲಿ ದೋಣಿ ಇಳಿಯುವಾಗ ಅವನಿಗೆ ಬಲೆಯಷ್ಟೇ ಮುಖ್ಯವಾದದ್ದು ಫೋನು. ಗಾಳಿ ಮಳೆಯ ಮುನ್ಸೂಚನೆ ಅದರಲ್ಲೇ ಬರಬೇಕು; ಮೀನು ಎತ್ತ ಕಡೆ ಸಿಗಬಹುದೆಂದು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುವ ಸೂಚನೆಯೂ ಅದರಲ್ಲೇ. ಬಂದರಿಗೆ ಮರಳುವ ಮುಂಚೆ ದರ ವಿಚಾರಿಸುವುದೂ ಅದರಿಂದಲೇ. ಆತ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡಿದ್ದಾನೆ, ನೀರಿಗೆ ಬೀಳಿಸಿಲ್ಲ. ಒಂದು ದಿನ ಅದು ಚಾರ್ಜ್ ಆಗುವುದನ್ನು ನಿಲ್ಲಿಸಿತು. ದುರಸ್ತಿಯವರು ಸಂದಿನಲ್ಲಿ ಬೆಳಕು ಹಾಯಿಸಿ ನೋಡಿ, "ನೀರು ತಗಲಿದೆ, ವಾರಂಟಿ ಇಲ್ಲ" ಎಂದರು. ಅವರು ಹೇಳುವ ದುರಸ್ತಿಯ ಹಣಕ್ಕೆ ಇನ್ನೊಂದು ಸಾಧಾರಣ ಫೋನು ಬರುತ್ತದೆ.

ಆ ಚೂರಿನ ಸಾಕ್ಷ್ಯ ಇಷ್ಟೆ: ಎಂದೋ, ಎಷ್ಟೋ ತೇವ ತನ್ನನ್ನು ಮುಟ್ಟಿದೆ. ಎಂದು ಎಂಬುದನ್ನು ಅದು ಅರಿಯದು. ಅಂಗಡಿಯ ಕಪಾಟಿನಲ್ಲಿದ್ದಾಗಲೇ ಆಗಿದ್ದರೂ ಆಗಿರಬಹುದು. ಎಷ್ಟು ಎಂಬುದೂ ಗೊತ್ತಿಲ್ಲ. ಒಂದು ಹನಿಗೂ ಒಂದು ಕೊಡಕ್ಕೂ ಅದು ಒಂದೇ ಬಣ್ಣ. ಎಲ್ಲಕ್ಕಿಂತ ಮುಖ್ಯವಾಗಿ, ಫೋನು ಕೆಟ್ಟದ್ದು ಆ ತೇವದಿಂದಲೇ ಎಂದು ಅದು ಹೇಳಲಾರದು. ಚಾರ್ಜ್ ಹಾಕುವ ಭಾಗದ ಬೆಸುಗೆಯೇ ಕಾರ್ಖಾನೆಯಲ್ಲಿ ಕಚ್ಚಾ ಆಗಿದ್ದರೆ ಸಿಮ್ ಸಂದಿನ ಕಾಗದ ಕೆಂಪಾದರೇನು, ಬಿಳಿಯಾಗಿದ್ದರೇನು?

ತೇವವಾದರೂ ಎಲ್ಲಿಂದ ಬಂತು? ಬೆಂಗಳೂರಿನಿಂದ ರಾತ್ರಿಯ ತಂಪು ಬಸ್ಸಿನಲ್ಲಿ ಹೊರಟು, ಬೆಳಗಿನ ಜಾವ ಅರಬೈಲು ಘಟ್ಟವಿಳಿದು ಅಂಕೋಲೆಯಲ್ಲಿ ಕೆಳಗೆ ಕಾಲಿಟ್ಟರೆ ಕನ್ನಡಕದ ಗಾಜು ತಟ್ಟನೆ ಮಂಜಾಗುತ್ತದೆ. ತಣ್ಣಗಿರುವ ವಸ್ತುವಿನ ಮೇಲೆ ನಮ್ಮ ಊರಿನ ಗಾಳಿ ಹಾಗೆ ಹನಿಗಟ್ಟುತ್ತದೆ. ಕನ್ನಡಕವನ್ನು ಒರೆಸಿಕೊಳ್ಳುತ್ತೇವೆ, ಕಿಸೆಯಲ್ಲಿ ಅಷ್ಟೇ ತಣ್ಣಗಿದ್ದ ಫೋನಿನ ಸಂದುಗಳನ್ನು ಒರೆಸುವವರು ಯಾರು? ದೋಣಿಯ ಮೇಲೆ ತಿರುಗುವ ಫೋನಿನ ಮೇಲಂತೂ ಉಪ್ಪಿನ ಸಣ್ಣ ಹುಡಿ ಕೂತೇ ಇರುತ್ತದೆ. ಅದು ಭರಣಿಯ ಉಪ್ಪಿನ ಹಾಗೆಯೇ ತೇವವನ್ನು ಕರೆದು ಕೂರಿಸಿಕೊಳ್ಳುತ್ತದೆ.

ಈ ಸಂಶಯ ಕಡಲ ದಂಡೆಯವರದು ಮಾತ್ರವಲ್ಲ. ಅಮೆರಿಕದಲ್ಲಿ ಹಳೆಯ ಐಫೋನುಗಳನ್ನು ಕೊಂಡವರು ಒಟ್ಟಾಗಿ ಆಪಲ್ ಕಂಪನಿಯ ಮೇಲೆ ಇದೇ ಬಣ್ಣದ ಚೂರಿನ ವಿಷಯದಲ್ಲಿ ದಾವೆ ಹೂಡಿದರು. ಗಾಳಿಯ ತೇವದಿಂದಲೂ ಚೂರು ಗುಲಾಬಿ ಬಣ್ಣಕ್ಕೆ ತಿರುಗಬಹುದೆಂದು ಅದನ್ನು ತಯಾರಿಸಿದ ತ್ರೀ ಎಂ ಕಂಪನಿಯವರೇ ಹೇಳಿದ್ದರೆಂಬುದು ವಾದಿಗಳ ಕೈಯಲ್ಲಿದ್ದ ದೊಡ್ಡ ಆಧಾರ. 2013ರಲ್ಲಿ ಆಪಲ್ ತನ್ನ ತಪ್ಪನ್ನೊಪ್ಪದೆಯೇ 5 ಕೋಟಿ 30 ಲಕ್ಷ ಡಾಲರ್ ಕೊಟ್ಟು ರಾಜಿಯಾಗಲು ಒಪ್ಪಿತು. ಮುಂದೆ ಬಂದ ಫೋನುಗಳು ನೀರಿಗೆ ಅಂಜುವುದಿಲ್ಲವೆಂಬ ಜಾಹೀರಾತು ಹೊತ್ತು ಬಂದವು. ನೀರಿನಲ್ಲಿ ಮುಳುಗಿದ ಫೋನಿನ ಚಿತ್ರ ಗೋಡೆಯ ಮೇಲೆ; ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲವೆಂಬ ಸಾಲು ಕಾಗದದ ಮೂಲೆಯಲ್ಲಿ. ಇಂಥ ಪ್ರಚಾರಕ್ಕಾಗಿಯೂ, ವಾರಂಟಿ ನಿರಾಕರಣೆಗಾಗಿಯೂ ಇಟಲಿಯ ಸ್ಪರ್ಧಾ ಪ್ರಾಧಿಕಾರ 2020ರಲ್ಲಿ ಆಪಲ್‌ಗೆ 1 ಕೋಟಿ ಯೂರೋ ದಂಡ ಹಾಕಿತು. ಆಸ್ಟ್ರೇಲಿಯದಲ್ಲಿ 2022ರಲ್ಲಿ ಸ್ಯಾಮ್‌ಸಂಗ್‌ಗೆ 1 ಕೋಟಿ 40 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡವಾಯಿತು; ಈಜುಕೊಳದಲ್ಲಿಯೂ ಸಮುದ್ರದಲ್ಲಿಯೂ ಬಳಸಬಹುದೆಂಬಂತೆ ಜನರನ್ನು ನಂಬಿಸಿತೆಂಬುದು ಅಲ್ಲಿನ ಆರೋಪ. ಐಪಿ 68 ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿರುತ್ತದಲ್ಲ, ಆ ಪರೀಕ್ಷೆ ನಡೆಯುವುದು ಪ್ರಯೋಗಶಾಲೆಯ ಸಿಹಿನೀರಿನಲ್ಲಿ. ಅರಬ್ಬೀ ಸಮುದ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಂಕೋಲೆಯ ಮೀನುಪೇಟೆಯಲ್ಲಿ ತೂಕದ ತಕ್ಕಡಿ ಬಳಸಬೇಕಾದರೆ ಅದಕ್ಕೆ ಸರಕಾರದ ಮುದ್ರೆ ಬೇಕು. ಅಳತೆ ಮಾರುವವನ ಕೈಯಲ್ಲಿರುವುದರಿಂದ ಅದನ್ನು ಮೂರನೆಯವನು ಪರೀಕ್ಷಿಸಬೇಕೆಂಬುದು 2009ರ ಕಾನೂನು ಮಾಪನ ಅಧಿನಿಯಮದ ತಿರುಳು. ಐವತ್ತು ರೂಪಾಯಿಯ ಬಂಗಡೆಗೆ ಇಷ್ಟು ಎಚ್ಚರವಿರುವಾಗ, ಇಪ್ಪತ್ತು ಸಾವಿರದ ಫೋನಿನ ಖಾತರಿಯನ್ನು ಅಳಿಸಿಹಾಕುವ ಆ ಚೂರಿಗೆ ಯಾರ ಮುದ್ರೆಯೂ ಇಲ್ಲ. ಅದನ್ನು ಇಟ್ಟವರೂ ತಯಾರಕರು, ಓದುವವರೂ ಅವರೇ, ತೀರ್ಪು ಕೊಡುವವರೂ ಅವರೇ. ನನ್ನ ತಕರಾರು ಇದರ ಮೇಲೆ. ದುರ್ಬಳಕೆಯಾಗಿದೆ ಎನ್ನುವವರು ಅದನ್ನು ತೋರಿಸಿಕೊಡಬೇಕು: ಒಳಗೆ ತುಕ್ಕು ಎಲ್ಲಿ ಹಿಡಿದಿದೆ, ಅದರಿಂದ ಯಾವ ಭಾಗ ಕೆಟ್ಟಿತು ಎಂದು.

ಹಾಗೆ ಕೇಳಲು ನಮ್ಮಲ್ಲಿ ಸ್ಥಳವಿದೆ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ 2020ರ ಜುಲೈ 20ರಂದು ಜಾರಿಗೆ ಬಂತು. ಅದರ ಪ್ರಕಾರ ಫೋನನ್ನು ಎಲ್ಲಿಯೇ ಕೊಂಡಿರಲಿ, ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೇಣಿಯವರಿಗೆ ಅದು ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮುಂಚೆ 1915 ಸಂಖ್ಯೆಗೆ ಫೋನು ಮಾಡಿ ವಿಚಾರಿಸಬಹುದು. ಅನೇಕ ತಂಟೆಗಳು ಅಲ್ಲೇ ಬಗೆಹರಿಯುತ್ತವೆ.

ಆದರೆ ಕೈಯಲ್ಲಿ ಕಾಗದವಿರಬೇಕು. ಕೊಳ್ಳುವ ದಿನವೇ ಅಂಗಡಿಯವರ ಮುಂದೆ ಸಿಮ್ ಸಂದಿಗೆ ಬೆಳಕು ಹಾಯಿಸಿ ಚೂರಿನ ಬಣ್ಣ ನೋಡಿ, ಕಂಡರೆ ಒಂದು ಚಿತ್ರ ತೆಗೆದಿಡಿ. ಅಂಗಡಿಯವರು ನಕ್ಕರೆ ನಗಲಿ. ದುರಸ್ತಿಗೆ ಕೊಟ್ಟಾಗ ಕೊಡುವ ಚೀಟಿಯಲ್ಲಿ ನೀವು ಹೇಳಿದ ದೋಷವನ್ನೇ ಬರೆಯಿಸಿ. ವಾರಂಟಿ ಇಲ್ಲವೆಂದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಒಳಭಾಗದ ಚಿತ್ರವನ್ನೂ ಕೇಳಿ. ಬಾಯಿಮಾತಿನ ನಿರಾಕರಣೆಯನ್ನು ಹಿಡಿದು ಆಯೋಗದ ಮೆಟ್ಟಿಲೇರುವುದು ಕಷ್ಟ.

ದೋಷ ಯಾವುದೆಂದು ಪರೀಕ್ಷೆಯಿಲ್ಲದೆ ತಿಳಿಯದಂತಿದ್ದರೆ ವಸ್ತುವಿಗೆ ಮೊಹರು ಹಾಕಿಸಿ ಪ್ರಯೋಗಶಾಲೆಗೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಪ್ರಯೋಗಶಾಲೆ 45 ದಿನದೊಳಗೆ ವರದಿ ಕೊಡಬೇಕು. ಪರೀಕ್ಷೆಯ ಹಣವನ್ನು ಮೊದಲು ದೂರುದಾರನೇ ಕಟ್ಟಬೇಕಾಗಬಹುದು. ಬೇಕಾಗಿದ್ದ ಮೂರನೆಯ ಸಾಕ್ಷಿ ಸಿಗುವುದು ಅಲ್ಲಿಯೇ. ಅಲ್ಲಿಯವರೆಗೆ ಫೋನನ್ನು ಬೀದಿಯ ಅಂಗಡಿಯಲ್ಲಿ ಬಿಚ್ಚಿಸಬೇಡಿ. ಮೊಹರು ಬೀಳುವ ಹೊತ್ತಿಗೆ ಅದು ದುರಸ್ತಿಯವರು ಹಿಂದಿರುಗಿಸಿದ ಸ್ಥಿತಿಯಲ್ಲೇ ಇರಬೇಕು.