ಊರಿನ ಉಗ್ರಾಣದ ಲೆಕ್ಕ
(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ಕೇಳಿದ್ದೀರಿ. ನಾವು ಇನ್ನೊಂದು ಲೆಕ್ಕ ಕೇಳುತ್ತೇವೆ. ಒಂದು ತಿಂಗಳು ರಸ್ತೆ ಮುಚ್ಚಿದರೆ, ಒಂದು ವರ್ಷ ಮಳೆ ತಪ್ಪಿದರೆ ನಮ್ಮ ಊರು ತಡೆದೀತೇ?

ಇದು ಹೆದರಿಸೋ ಮಾತಲ್ಲ. 2020ರ ಮಾರ್ಚ್‌ನಲ್ಲಿ ದೇಶವೇ ಬಾಗಿಲು ಹಾಕಿತು. 2021ರ ನವೆಂಬರ್‌ನಲ್ಲಿ ಮಳೆ ಹಿಡಿದು ಎಷ್ಟೋ ಕಡೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ಮೊಳಕೆಯೊಡೆಯಿತು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳಿಗೆ ಬರ ಘೋಷಣೆಯಾಯಿತು. ನಾಲ್ಕು ವರ್ಷದಲ್ಲಿ ಮೂರು ಬಗೆಯ ಕಷ್ಟ ಕಂಡೆವು.

ಮೊದಲು ನೀರು. ನಮ್ಮ ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ. 2018ರಿಂದ ಕೆ.ಸಿ. ವ್ಯಾಲಿ ನೀರು ಕೆರೆಗಳಿಗೆ ಬಂತು. ಅದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ಅಂತರ್ಜಲ ಏರಿಸಲಿಕ್ಕೆ ಕೊಟ್ಟದ್ದು, ಕುಡಿಯಲಿಕ್ಕಲ್ಲ. ಸಾವಿರ ಅಡಿ ದಾಟಿದ ಬೋರಿನ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ, ಕರೆಂಟು ಹೋದರೆ ಅದೂ ಇಲ್ಲ. ಆದರೆ ಮಳೆ ಸುಮಾರು 700 ಮಿ.ಮೀ. ಬೀಳುತ್ತದೆ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 60 ಚದರ ಮೀಟರ್ ಮನೆಯ ಮೇಲೆ 42,000 ಲೀಟರ್ ಆಯಿತು. ಐದು ಜನಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 25 ಲೀಟರ್ ಎಂದರೂ ವರ್ಷಕ್ಕೆ ಬೇಕಾದದ್ದು 9,125. ಮಳೆ ಅರ್ಧಕ್ಕೆ ಇಳಿದ ವರ್ಷವೂ 10,000 ಲೀಟರಿನ ತೊಟ್ಟಿ ತುಂಬುತ್ತದೆ. ಮೊದಲ ಮಳೆಯ ಕೊಳೆ ನೀರು ಹೊರಗೆ ಬಿಟ್ಟು, ತೊಟ್ಟಿ ಮುಚ್ಚಿಟ್ಟು, ಕುದಿಸಿ ಕುಡಿಯಬೇಕು, ಅಷ್ಟೆ.

ಎರಡನೆಯದು ಕಾಳು. ಆಳಿಗೆ ದಿನಕ್ಕೆ 400 ಗ್ರಾಂ ಹಿಡಿದರೆ ಐದು ಜನಕ್ಕೆ ವರ್ಷಕ್ಕೆ ಸುಮಾರು ಏಳೂಕಾಲು ಕ್ವಿಂಟಾಲ್. ಒಳ್ಳೆ ಮಳೆಯ ವರ್ಷ ಒಂದೆಕರೆ ಖುಷ್ಕಿಯಲ್ಲಿ ಅಷ್ಟು ರಾಗಿ ಬರುತ್ತದೆ. ಟೊಮ್ಯಾಟೊ ಬೇಡ, ಹಿಪ್ಪುನೇರಳೆ ಕೀಳಿ ಅಂತ ನಾವು ಹೇಳೋದಿಲ್ಲ, ದುಡ್ಡೂ ಬೇಕು. ಆದರೆ ಟೊಮ್ಯಾಟೊ ವಾರದಲ್ಲಿ ಕೊಳೆಯುತ್ತದೆ, ಒಣಗಿಸಿಟ್ಟ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಿರಿಯರು ಹಗೇವು ತೆಗೆದದ್ದು ಸುಮ್ಮನೆ ಅಲ್ಲ.

ಮೂರನೆಯದು ದನ. ಒಂದು ಸೀಮೆಹಸುವಿಗೆ ದಿನಕ್ಕೆ ಆರು ಕೆ.ಜಿ. ಒಣಹುಲ್ಲು ಎಂದರೆ ಎರಡು ಹಸುವಿಗೆ ಆರು ತಿಂಗಳಿಗೆ ಎರಡು ಟನ್ ದಾಟುತ್ತದೆ. ಮೆದೆ ಎಷ್ಟಿದೆ, ಅಳೆದು ನೋಡಿ. ಬೂಸ, ಫೀಡು ಬರುವುದು ಲಾರಿಯಲ್ಲಿ.

ಉಪ್ಪು, ಔಷಧಿ, ಡೀಸೆಲ್ ಹೊರಗಿನಿಂದಲೇ ಬರಬೇಕು. ಎಲ್ಲವನ್ನೂ ಒಬ್ಬೊಬ್ಬರೇ ಕೂಡಿಡಲು ಆಗದು, ಬಡವರಿಗಂತೂ ಆಗದು. ಸಂಘ ಇರುವುದು ಅದಕ್ಕೇ. ಮುಂದಿನ ಸರ್ವಸದಸ್ಯರ ಸಭೆಯೊಳಗೆ ಒಂದು ಪುಸ್ತಕ ಬರೆಯೋಣ: ಯಾವ ಬಾವಿಯಲ್ಲಿ ನೀರಿದೆ, ಯಾರ ಮನೆಯಲ್ಲಿ ಬಿತ್ತನೆ ರಾಗಿ ಇದೆ, ಊರಿನ ಒಂದು ಬೋರಿಗಾದರೂ ಜನರೇಟರ್ ಎಲ್ಲಿಂದ ತರಬಹುದು, ಒಂಟಿ ವೃದ್ಧರು ಯಾರು, ದಿನವೂ ಮಾತ್ರೆ ಬೇಕಾದವರು ಯಾರು. ಪ್ರತಿ ಯುಗಾದಿಗೆ ಅದನ್ನು ತಿದ್ದೋಣ.

ಹಾಲಿನ ಡಿಗ್ರಿ, ಫ್ಯಾಟು ದಿನಕ್ಕೆರಡು ಸಲ ನೋಡುವ ಊರು ನಮ್ಮದು. ಊರಿನ ಬಲವನ್ನು ವರ್ಷಕ್ಕೊಂದು ಸಲ ಅಳೆಯುವುದು ಕಷ್ಟವಲ್ಲ. ಈ ಕೆಲಸಕ್ಕೆ ಎಲ್ಲರೂ ಕೈಜೋಡಿಸಬೇಕೆಂದು ಕೋರುತ್ತೇವೆ.